ಗಾಜಿನ ಮೇಲಿನ ಹೆಬ್ಬೆಟ್ಟು

ಒಂದನೇ ಕ್ಲಾಸಿನಲ್ಲಿ ಸ್ಲೇಟಿಗೆ ಉಗುಳು ಹಚ್ಚಿ ಒರೆಸಿದ್ದಕ್ಕೆ ಮೇಷ್ಟ್ರ ಕೈಯಿಂದ ಬೆತ್ತದ ಏಟು ತಿಂದವನು ನಾನು. "ಸರಸ್ವತಿಗೆ ಎಂಜಲು ಮಾಡ್ತೀಯೇನೋ?" ಎಂದು ಕೇಳಿದ್ದರು. ಮುಂದೆ ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದ ಮೊದಲ ವಾರ, ಕ್ಯಾಶ್ ಕೌಂಟರಿನಲ್ಲಿ ಕೂತು ಬೆರಳಿಗೆ ನಾಲಿಗೆ ಮುಟ್ಟಿಸಿಕೊಂಡು ನೋಟು ಎಣಿಸುತ್ತಿದ್ದೆ. ಹೆಡ್ ಕ್ಯಾಶಿಯರ್ ಒದ್ದೆ ಸ್ಪಂಜಿನ ಬಟ್ಟಲನ್ನು ನನ್ನ ಮುಂದೆ ಸರಿಸಿ, "ಇನ್ನು ಮೇಲೆ ಇದು. ನಾಲಿಗೆ ಬಾಯೊಳಗೇ ಇರಲಿ" ಎಂದರು. ಉಗುಳಿನ ವಿಷಯದಲ್ಲಿ ಹೀಗೆ ಎರಡೆರಡು ಸಲ ಬುದ್ಧಿ ಕಲಿತಿದ್ದೆ. ಅಂಥವನಿಗೆ ಎಪ್ಪತ್ಮೂರನೇ ವಯಸ್ಸಿನಲ್ಲಿ, ಮುರುಡೇಶ್ವರದ ಕಡಲ ತೀರದಲ್ಲಿ ಒಬ್ಬ ಹುಡುಗ ಬಂದು "ಅಜ್ಜಾ, ಗಾಜಿಗೆ ಉಗುಳಬೇಕು" ಎಂದರೆ ಹೇಗಾಗಬೇಡ!

ಆ ಕಥೆಯನ್ನೇ ಈಗ ಹೇಳುತ್ತೇನೆ. ಮಕ್ಕಳಿಗೆ ಅದರಲ್ಲಿ ಸ್ವಲ್ಪ ವಿಜ್ಞಾನ ಸಿಗುತ್ತದೆ. ನನ್ನಂಥ ಅಜ್ಜಂದಿರಿಗೆ ಸ್ವಲ್ಪ ಬುದ್ಧಿವಾದವೂ ಸಿಗಬಹುದು.

ನನ್ನ ಮೊಮ್ಮಗಳು ಬೆಂಗಳೂರಿನಲ್ಲಿ ಏಳನೇ ತರಗತಿ. ಮನೆಯಲ್ಲಿ ಎಲ್ಲರಿಗೂ ಅವಳು ಪುಟ್ಟಿ. ಪುನೀತ್ ರಾಜ್‌ಕುಮಾರ್ ಅವರ 'ಗಂಧದ ಗುಡಿ' ನೋಡಿದಂದಿನಿಂದ ಅವಳಿಗೆ ಒಂದೇ ಹಠ, ತಾನೂ ಅವರ ಹಾಗೆ ನೇತ್ರಾಣಿಯಲ್ಲಿ ಸಮುದ್ರದೊಳಗೆ ಇಳಿಯಬೇಕು. ನೇತ್ರಾಣಿ ಅಂದರೆ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರ, ಅರಬ್ಬೀ ಸಮುದ್ರದ ನಡುವೆ ಇರುವ ಪುಟ್ಟ ದ್ವೀಪ. ಪಾರಿವಾಳ ಗುಡ್ಡ ಎಂದೂ ಕರೆಯುತ್ತಾರೆ. ಸುತ್ತ ಹವಳದ ದಿಬ್ಬಗಳಿವೆ. ನೀರು ತಿಳಿಯಾಗಿರುವುದರಿಂದ ಸ್ಕೂಬಾ ಕಲಿಯುವವರು ಅಲ್ಲಿಗೆ ಬರುತ್ತಾರೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ಅದರಿಂದ ಬರುವ ಗಾಳಿಯನ್ನು ಬಾಯಿಯಲ್ಲಿ ಉಸಿರಾಡುತ್ತಾ ನೀರಿನಡಿ ಈಜುವುದೇ ಸ್ಕೂಬಾ. ಹತ್ತು ವರ್ಷ ತುಂಬಿದವರನ್ನು ತರಬೇತುದಾರರು ಜೊತೆಗೆ ನಿಂತು ಇಳಿಸುತ್ತಾರೆ. ಮಳೆಗಾಲದಲ್ಲಿ ಮಾತ್ರ ದೋಣಿ ಹೋಗುವುದಿಲ್ಲ.

ಹನ್ನೆರಡನೇ ಹುಟ್ಟುಹಬ್ಬಕ್ಕೆ ಅವಳಪ್ಪ ಒಂದು ಮಾಸ್ಕ್ ಕೊಡಿಸಿದ. ಕೊರೊನಾ ಕಾಲದ ಬಟ್ಟೆಯ ಮಾಸ್ಕ್ ಅಲ್ಲ. ಮುಂದೆ ದಪ್ಪ ಗಾಜು, ಸುತ್ತ ಮೆತ್ತನೆಯ ಸಿಲಿಕೋನ್ ಅಂಚು, ಕಣ್ಣು ಮೂಗು ಎರಡನ್ನೂ ಒಳಗೆ ಸೇರಿಸಿಕೊಳ್ಳುವ ಮುಖವಾಡ. ಡಿಸೆಂಬರ್ ರಜೆಗೆ ಮಗ, ಸೊಸೆ, ಪುಟ್ಟಿ ಮೂವರೂ ನಮ್ಮ ಶಿವಮೊಗ್ಗದ ಮನೆಗೆ ಬಂದರು. ಮರುದಿನ ಎಲ್ಲರೂ ಮುರುಡೇಶ್ವರಕ್ಕೆ ಹೊರಡುವುದೆಂದು ನಿಶ್ಚಯವಾಯಿತು.

ಆ ಸಂಜೆ ಪುಟ್ಟಿ ಮಾಸ್ಕನ್ನು ಡಬ್ಬಿಯಿಂದ ತೆಗೆದು ನನ್ನ ಕೈಗಿಟ್ಟಳು. ನಾನು ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಜಗಲಿಯಲ್ಲಿ ಕೂತಿದ್ದೆ. ಹೊಸ ವಸ್ತು, ಬೆಲೆಬಾಳುವ ವಸ್ತು. ಹಿಂದೆ ಮುಂದೆ ತಿರುಗಿಸಿ ನೋಡಿದೆ. ಗಾಜು ಎಷ್ಟು ದಪ್ಪ ಇದೆಯೆಂದು ಒಳಗೆ ಹೆಬ್ಬೆರಳಿಟ್ಟು ಒತ್ತಿದೆ. ಆಮೇಲೆ ಶಾಲಿನ ಚುಂಗಿನಿಂದ ಹಾಗೇ ಒಮ್ಮೆ ಸವರಿದೆ. ಪಳಪಳ ಹೊಳೆಯಿತು. "ಜೋಪಾನ" ಎಂದು ವಾಪಸು ಕೊಟ್ಟೆ. ಮೊಮ್ಮಗಳ ವಸ್ತುವಿನ ಮೇಲೆ ಅಜ್ಜನ ಪ್ರೀತಿ, ಅಷ್ಟೇ.

ಮುರುಡೇಶ್ವರ ತಲುಪಿದ ಮೇಲೆ ಮೊದಲು ಈಜುಕೊಳದಲ್ಲಿ ಅಭ್ಯಾಸ. ಪುಟ್ಟಿಗೆ ಈಜು ಹೊಸದಲ್ಲ, ಎರಡು ವರ್ಷದಿಂದ ಕಲಿಯುತ್ತಿದ್ದಾಳೆ. ತರಬೇತುದಾರ ಇಪ್ಪತ್ತೈದು ಇಪ್ಪತ್ತಾರರ ಆ ಊರಿನದೇ ಹುಡುಗ. ಬಾಯಿಯಲ್ಲೇ ಉಸಿರಾಡಬೇಕು, ಉಸಿರು ಕಟ್ಟಿ ಹಿಡಿಯಲೇಬಾರದು, ಕಿವಿ ನೋವಾದರೆ ಮೂಗು ಹಿಡಿದು ಮೆಲ್ಲಗೆ ಊದಬೇಕು ಎಂದೆಲ್ಲ ತಾಳ್ಮೆಯಿಂದ ಹೇಳಿಕೊಟ್ಟ. ನಾವು ಅಜ್ಜ ಅಜ್ಜಿ ದಡದ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದೆವು.

ಪುಟ್ಟಿ ಮುಳುಗಿದಳು. ಎರಡು ನಿಮಿಷವಾಗಿರಬಹುದು, ದಡಬಡ ಎದ್ದು ಮಾಸ್ಕ್ ಕಿತ್ತಳು. ಮುಖ ಕೆಂಪಗಾಗಿತ್ತು. ಮಾಸ್ಕನ್ನು ನೀರಿನಲ್ಲಿ ಅದ್ದಿ ತೊಳೆದು ಮತ್ತೆ ಹಾಕಿಕೊಂಡು ಮುಳುಗಿದಳು. ಮತ್ತೆ ಎದ್ದಳು. ಮೂರನೇ ಸಲ ಏಳುವಾಗ ಕೆಮ್ಮು, ಅಳು ಎರಡೂ ಬಂದಿತ್ತು. "ಏನೂ ಕಾಣಲ್ಲ" ಎಂದಳು. ಅವಳಪ್ಪ ಮಾಸ್ಕ್ ಇಸಿದುಕೊಂಡು ನೋಡಿದ. ನೀರಲ್ಲಿ ಅದ್ದಿದ ಗಾಜು ಕನ್ನಡಿಯ ಹಾಗೆ ಸ್ವಚ್ಛವಾಗಿತ್ತು. "ಚೆನ್ನಾಗೇ ಇದೆಯಲ್ಲೇ! ಮನೇಲಿ ಅಷ್ಟೊಂದು ಹಾರಾಡಿದೆ, ಇಲ್ಲಿ ಬಂದು ಪುಕ್ಕಲು ಬಿದ್ದೆಯಾ?" ಎಂದು ನಕ್ಕ. ಅವನು ಚುಚ್ಚಬೇಕೆಂದು ಹೇಳಿದ್ದಲ್ಲ. ನಾನು ಸಮಾಧಾನ ಮಾಡುವವನಂತೆ, "ಹೆದರಿಕೆಯಾದರೆ ಬೇಡ ಬಿಡು ಪುಟ್ಟಿ. ದೇವಸ್ಥಾನ ನೋಡ್ಕೊಂಡು ಹೋಗೋಣ" ಎಂದೆ.

ಅವಳು ನನ್ನನ್ನೇ ನೋಡಿದಳು. "ನನಗೆ ಹೆದರಿಕೆ ಇರ್ಲಿಲ್ಲ ಅಜ್ಜ. ಕಾಣ್ತಿರ್ಲಿಲ್ಲ" ಎಂದು ಹೇಳಿ ಟವೆಲ್ ಹೊದ್ದುಕೊಂಡು ಹೊರಟುಹೋದಳು. ಆ ಎರಡು ಮಾತಿನ ನಡುವಿನ ವ್ಯತ್ಯಾಸ ಆ ಹೊತ್ತಿನಲ್ಲಿ ನಮ್ಮ ಯಾರ ತಲೆಗೂ ಹೋಗಲಿಲ್ಲ.

ಸಂಜೆ ಎಲ್ಲರೂ ದೇವರ ದರ್ಶನಕ್ಕೆ ಹೋದರು. ಮಂಡಿ ನೋವಿನ ನೆಪ ಹೇಳಿ ನಾನು ಕೋಣೆಯಲ್ಲೇ ಉಳಿದೆ. ಕಿಟಕಿಯಲ್ಲಿ 123 ಅಡಿಯ ಶಿವನ ಬೆನ್ನು ಕಾಣುತ್ತಿತ್ತು. ಮೇಜಿನ ಮೇಲೆ ಆ ಮಾಸ್ಕ್ ಒಣಗಲು ಬಿದ್ದಿತ್ತು. ಕನ್ನಡಕ ಒರೆಸುವಾಗ ಗಾಜಿಗೆ ಬಾಯಿಂದ 'ಹಾ' ಎಂದು ಊದುವುದು ನನ್ನ ಹಳೆಯ ಅಭ್ಯಾಸ. ಅದೇ ಅಭ್ಯಾಸದಿಂದ ಮಾಸ್ಕಿನ ಒಳಗಾಜಿಗೂ 'ಹಾ' ಎಂದೆ.

ಗಾಜು ಮಬ್ಬಾಯಿತು. ಆ ಮಬ್ಬಿನ ನಡುವೆ ಒಂದು ಹೆಬ್ಬೆಟ್ಟಿನ ಗುರುತು ಎದ್ದು ಬಂತು. ಸುತ್ತ ಎಣ್ಣೆ ಸವರಿದ ಶಾಲಿನ ಗೆರೆಗಳು.

ಮಕ್ಕಳೇ, ಬ್ಯಾಂಕಿನಲ್ಲಿ ನಾನು ಸಾವಿರಾರು ಹೆಬ್ಬೆಟ್ಟು ಒತ್ತಿಸಿಕೊಂಡವನು. ಓದು ಬರಹ ಬಾರದ ಅಜ್ಜಿಯರು ಪಿಂಚಣಿಗೆ ಬಂದರೆ ಅವರ ಬೆರಳನ್ನು ನಾನೇ ಹಿಡಿದು, ಶಾಯಿಯ ಪ್ಯಾಡಿಗೆ ಮುಟ್ಟಿಸಿ, ಕಾಗದದ ಮೇಲೆ ಉರುಳಿಸಿ ಒತ್ತುತ್ತಿದ್ದೆ. ಹೆಬ್ಬೆಟ್ಟು ಓದುವುದು ನನಗೆ ಕಷ್ಟವಲ್ಲ. ಗಾಜಿನ ಮೇಲಿದ್ದ ಗುರುತಿನ ನಡುವೆ ಓರೆಯಾಗಿ ಒಂದು ಬಿಳಿ ಗೆರೆ ಇತ್ತು. ಹತ್ತು ವರ್ಷದವನಿದ್ದಾಗ ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯಲು ಹೋಗಿ ಕೊಯ್ದುಕೊಂಡ ಗಾಯದ ಗೆರೆ ಅದು. ಬೆರಳೆತ್ತಿ ಹಿಡಿದು ನೋಡಿದೆ. ತಾಳೆಯಾಯಿತು. ಸಹಿ ನನ್ನದೇ.

ಬ್ಯಾಂಕಿನಲ್ಲಿ ಸಂಜೆಯ ಲೆಕ್ಕ ತಾಳೆಯಾಗದಿದ್ದರೆ ಮನೆಗೆ ಹೋಗುವಂತಿರಲಿಲ್ಲ. ಒಬ್ಬರ ಖಾತೆಗೆ ಬರೆಯಬೇಕಾದ್ದನ್ನು ಇನ್ನೊಬ್ಬರ ಖಾತೆಗೆ ಬರೆದುಬಿಟ್ಟಿದ್ದರೆ ಅದನ್ನು ಹುಡುಕಿ, ತಿದ್ದಿ, ಪಕ್ಕದಲ್ಲಿ ಸಹಿ ಹಾಕಬೇಕು. ಇಲ್ಲಿ ತಪ್ಪು ನನ್ನದು. ಅದು ಜಮೆಯಾಗಿದ್ದು ಪುಟ್ಟಿಯ ಖಾತೆಗೆ, 'ಪುಕ್ಕಲು' ಎಂಬ ಹೆಸರಿನಲ್ಲಿ. ನನಗೆ ಕೂರಲಾಗಲಿಲ್ಲ. ಮಾಸ್ಕನ್ನು ಚೀಲದಲ್ಲಿ ಹಾಕಿಕೊಂಡು ಕಡಲ ಕಡೆ ನಡೆದೆ. ಮಂಡಿ ನೋವು ಆಗ ನೆನಪಾಗಲಿಲ್ಲ.

ತರಬೇತುದಾರ ಹುಡುಗ ಸಾಮಾನುಗಳನ್ನೆಲ್ಲ ಸಿಹಿನೀರಿನಲ್ಲಿ ತೊಳೆಯುತ್ತಿದ್ದ. ನಾನು ಮಾಸ್ಕಿಗೆ 'ಹಾ' ಎಂದು ತೋರಿಸಿದೆ. ಅವನು ನೋಡಿ ನಕ್ಕುಬಿಟ್ಟ. "ಇದಾ ವಿಷಯ! ಎದ್ದ ತಕ್ಷಣ ನೀರಿಗೆ ಅದ್ದಿದ್ಲಲ್ಲ, ನಂಗೂ ಗೊತ್ತಾಗ್ಲಿಲ್ಲ. ಎಣ್ಣೆ ಕೈ ಯಾರದ್ದು ಅಜ್ಜಾ?"

"ನನ್ನದೇ."

"ನಿಮ್ಮದೊಂದೇ ಅಲ್ಲ ಬಿಡಿ. ಹೊಸ ಮಾಸ್ಕಿನ ಗಾಜಿನ ಮೇಲೆ ತಯಾರು ಮಾಡುವಾಗಲೇ ಕೂತ ತೆಳ್ಳನೆ ಪದರ ಇರ್ತದೆ. ಅದನ್ನ ಮೊದಲು ತೆಗೀಬೇಕು. ಕೂತ್ಕೊಳ್ಳಿ, ಹೇಳ್ತೆ."

ಅವನು ಹೇಳಿದ್ದನ್ನೂ, ಆಮೇಲೆ ನಾನು ಓದಿ ತಿಳಿದುಕೊಂಡದ್ದನ್ನೂ ಸೇರಿಸಿ ಬರೆಯುತ್ತೇನೆ.

ನೀರಿನೊಳಗೆ ಬರಿಗಣ್ಣು ಬಿಟ್ಟರೆ ಎಲ್ಲವೂ ಕಲಸಿದಂತೆ ಕಾಣುತ್ತದೆ. ನಮ್ಮ ಕಣ್ಣು ಗಾಳಿಯಲ್ಲಿ ನೋಡಲು ಆಗಿರುವುದು. ಗಾಳಿಯಿಂದ ಕಣ್ಣಿನ ಮುಂಭಾಗಕ್ಕೆ ಬರುವಾಗ ಬೆಳಕು ಚೆನ್ನಾಗಿ ಬಾಗುತ್ತದೆ. ನೀರಿನಿಂದ ಬರುವಾಗ ಅಷ್ಟು ಬಾಗುವುದಿಲ್ಲ. ಅದಕ್ಕೇ ಕಣ್ಣಿನ ಮುಂದೆ ಒಂದಿಷ್ಟು ಗಾಳಿ ಇಟ್ಟುಕೊಳ್ಳಬೇಕು. ಮಾಸ್ಕ್ ಮಾಡುವ ಕೆಲಸ ಇಷ್ಟೇ, ಗಾಳಿಯ ಒಂದು ಪುಟ್ಟ ಕೋಣೆ ಕಟ್ಟುವುದು. ಅದರ ಕಿಟಕಿಯಲ್ಲಿ ನೋಡಿದರೆ ಮೀನು ಇದ್ದದ್ದಕ್ಕಿಂತ ಸ್ವಲ್ಪ ದೊಡ್ಡದಾಗಿ, ಸ್ವಲ್ಪ ಹತ್ತಿರವಿದ್ದಂತೆ ಕಾಣುತ್ತದೆ.

ಆದರೆ ಆ ಕೋಣೆಯಲ್ಲಿ ನಮ್ಮ ಮೂಗೂ ಇದೆ, ಬೆಚ್ಚಗಿನ ಚರ್ಮವೂ ಇದೆ. ಮೂಗಿನಿಂದ ಬಿಟ್ಟ ಉಸಿರಿನಲ್ಲಿ ನೀರಿನ ಆವಿ ತುಂಬಿರುತ್ತದೆ. ಚರ್ಮದ ಬೆವರೂ ಆವಿಯಾಗುತ್ತದೆ. ಗಾಜಿನ ಆ ಕಡೆ ತಣ್ಣನೆಯ ಸಮುದ್ರ. ಬಿಸಿ ಸಾರಿನ ಪಾತ್ರೆಗೆ ಮುಚ್ಚಿದ ತಟ್ಟೆಯ ಒಳಗೆ ಹನಿ ಕೂರುವುದಿಲ್ಲವೇ? ಹಾಗೆಯೇ ಆವಿ ತಣ್ಣನೆಯ ಗಾಜಿನ ಮೇಲೆ ನೀರಾಗಿ ಕೂರುತ್ತದೆ. ಮಳೆಗಾಲದಲ್ಲಿ ಘಟ್ಟ ಇಳಿಯುವ ಬಸ್ಸಿನ ಕಿಟಕಿ ಮಬ್ಬಾಗುವುದೂ ಇದೇ ಕಾರಣಕ್ಕೆ.

ಇಲ್ಲೊಂದು ಸ್ವಾರಸ್ಯವಿದೆ. ಗಾಜಿನ ಮೇಲೆ ನೀರು ಕೂರುವುದು ತಪ್ಪಲ್ಲ, ಕೂರುವ ಬಗೆ ಮುಖ್ಯ. ಗಾಜಿಗೆ ಎಣ್ಣೆ ಅಥವಾ ಆ ಹೊಸ ಪದರ ಅಂಟಿದ್ದರೆ ನೀರು ಹರಡಿಕೊಳ್ಳದೆ ಸಾವಿರಾರು ಸಣ್ಣ ಹನಿಗಳಾಗಿ ಬಿಡಿಬಿಡಿಯಾಗಿ ನಿಲ್ಲುತ್ತದೆ, ಕೆಸುವಿನ ಎಲೆಯ ಮೇಲೆ ನಿಂತ ಹಾಗೆ. ಒಂದೊಂದು ಹನಿಯೂ ಬೆಳಕನ್ನು ಒಂದೊಂದು ದಿಕ್ಕಿಗೆ ಚೆಲ್ಲುತ್ತದೆ. ಅದೇ ಮಬ್ಬು. ಗಾಜು ನಿಜವಾಗಿ ಚೊಕ್ಕಟವಾಗಿದ್ದು, ಮೇಲೆ ನೀರನ್ನು ಹರಡಿಸುವ ವಸ್ತುವಿನ ತೆಳು ಲೇಪ ಇದ್ದರೆ ಅದೇ ನೀರು ಒಂದೇ ಹಾಳೆಯಂತೆ ಹರಡಿಕೊಳ್ಳುತ್ತದೆ. ಆಗ ಬೆಳಕು ನೇರವಾಗಿ ಹಾದು ಬರುತ್ತದೆ, ಗಾಜಿನ ಮೇಲೆ ನೀರಿದೆ ಎಂಬುದೇ ತಿಳಿಯುವುದಿಲ್ಲ. ಸಾಬೂನು ಇಂಥ ವಸ್ತು. ನಮ್ಮ ಉಗುಳೂ ಇಂಥದೇ. ಉಗುಳಿನಲ್ಲಿ ನೂರರಲ್ಲಿ 99 ಪಾಲು ನೀರೇ ಇದ್ದರೂ ಉಳಿದ ಒಂದು ಪಾಲಿನಲ್ಲಿ ಲೋಳೆಯಂಥ ಪ್ರೋಟೀನುಗಳಿವೆ. ಅವು ಗಾಜಿಗೆ ಅಂಟಿಕೊಂಡು ನೀರನ್ನು ಹನಿಗಟ್ಟದಂತೆ ಹರಡಿಸುತ್ತವೆ.

"ಅದಕ್ಕೇ ಅಜ್ಜಾ, ಗಾಜಿಗೆ ಉಗುಳಬೇಕು" ಎಂದ ಹುಡುಗ. "ಒಣಗಿದ ಗಾಜಿಗೇ ಉಗುಳಬೇಕು, ಒದ್ದೆ ಇದ್ರೆ ಹಿಡಿಯೂದಿಲ್ಲ. ಬೆರಳಲ್ಲಿ ಮೂಲೆ ಮೂಲೆಗೂ ತಿಕ್ಕಬೇಕು. ಆಮೇಲೆ ಸಮುದ್ರದ ನೀರಲ್ಲಿ ಒಂದೇ ಸಲ ಅದ್ದಿ ತೆಗೀಬೇಕು. ಜಾಸ್ತಿ ತೊಳೆದ್ರೆ ಹಚ್ಚಿದ್ದೆಲ್ಲ ಹೋಗ್ತದೆ. ಆಮೇಲೆ ಗಾಜು ಮುಟ್ಟೂಕಿಲ್ಲ. ಯಾರೂ!" ಎಂದು ನನ್ನ ಹೆಬ್ಬೆರಳಿನ ಕಡೆ ನೋಡಿದ.

ಅಷ್ಟಕ್ಕೂ ಮೊದಲು ಆ ರಾತ್ರಿಯೇ ಮಾಡಬೇಕಾದ ಕೆಲಸವನ್ನೂ ಹೇಳಿಕೊಟ್ಟ. ಕೋಣೆಗೆ ಬಂದವನೇ ಶುರುಮಾಡಿದೆ. ಹಲ್ಲುಜ್ಜುವ ಬಿಳಿ ಪೇಸ್ಟು ಬೇಕು, ಬಣ್ಣದ ಜೆಲ್ ಆಗದು. ಗಾಜಿನ ಒಳಗೂ ಹೊರಗೂ ಪೇಸ್ಟ್ ಹಚ್ಚಿ ಬೆರಳಿನಿಂದ ಸುತ್ತಿ ಸುತ್ತಿ ತಿಕ್ಕಿದೆ. ತೊಳೆದೆ. 'ಹಾ' ಎಂದೆ. ಹೆಬ್ಬೆಟ್ಟು ಇನ್ನೂ ಅರ್ಧ ಇತ್ತು. ಎರಡನೇ ಸಲ ತಿಕ್ಕಿದೆ, ಮಸುಕಾಯಿತು. ಮೂರನೇ ಸಲಕ್ಕೆ ಹೋಯಿತು. ಪಾತ್ರೆ ತೊಳೆಯುವ ಸಾಬೂನಿನಲ್ಲಿ ಕೊನೆಯದಾಗಿ ತೊಳೆದು, ಗಾಜಿಗೆ ಕೈ ತಾಗದಂತೆ ಅಂಚು ಹಿಡಿದು ಒಣಗಲು ಇಟ್ಟೆ.

ಒಂದು ಎಚ್ಚರಿಕೆ ಮಕ್ಕಳೇ. ಪೇಸ್ಟಿನ ಉಪಾಯ ಮಾಸ್ಕಿನ ಗಟ್ಟಿ ಗಾಜಿಗೆ ಮಾತ್ರ. ಪ್ಲಾಸ್ಟಿಕ್ಕಿನ ಈಜು ಕನ್ನಡಕಕ್ಕೂ ಅಜ್ಜನ ಕನ್ನಡಕಕ್ಕೂ ಹಚ್ಚಿದರೆ ಗೀರು ಬೀಳುತ್ತದೆ. ಕೆಲವು ದೊಡ್ಡವರು ಹೊಸ ಮಾಸ್ಕಿನ ಪದರವನ್ನು ಲೈಟರಿನ ಬೆಂಕಿಯಲ್ಲಿ ಸುಡುವುದುಂಟು. ಅದು ನಿಮ್ಮ ಕೆಲಸವಲ್ಲ, ನನ್ನದೂ ಅಲ್ಲ.

ಊಟಕ್ಕೆ ಎಲ್ಲರೂ ಕೂತಾಗ ವಿಷಯ ಹೇಳಿದೆ. ಹೇಳುವುದು ಸುಲಭವಾಗಿರಲಿಲ್ಲ. ಮೊಮ್ಮಗಳ ಮುಂದೆ ತಪ್ಪು ಒಪ್ಪಿಕೊಳ್ಳುವುದೆಂದರೆ ಮ್ಯಾನೇಜರ್ ಮುಂದೆ ನಿಂತದ್ದಕ್ಕಿಂತ ಕಷ್ಟ. "ಪುಟ್ಟಿ, ಇವತ್ತು ನಿನಗೆ ಕಾಣದೆ ಹೋದದ್ದು ನನ್ನಿಂದ. ಎಣ್ಣೆ ಕೈಯಲ್ಲಿ ನಾನು ಗಾಜಿನ ಒಳಗೆ ಮುಟ್ಟಿದ್ದೆ. ನೀನು ಕಾಣಲ್ಲ ಅಂದೆ. ನಾನು ಅದನ್ನು ಹೆದರಿಕೆ ಅಂದೆ. ಎರಡೂ ತಪ್ಪು ನನ್ನದೇ" ಎಂದೆ.

ಅವಳು ದೋಸೆ ಮುರಿಯುವುದನ್ನು ನಿಲ್ಲಿಸಿದಳು. "ಹಾಗಾದ್ರೆ ನಾನು ಪುಕ್ಲಿ ಅಲ್ಲ ಅಲ್ವಾ?" ಎಂದು ಕೇಳಿದಳು. ಮಧ್ಯಾಹ್ನದಿಂದ ಅದೊಂದೇ ಮಾತನ್ನು ಎದೆಯಲ್ಲಿಟ್ಟುಕೊಂಡಿದ್ದಳು ಎಂಬುದು ಆಗ ತಿಳಿಯಿತು. "ಕಣ್ಣು ಕಟ್ಟಿದ ಹಾಗಿದ್ದರೂ ಮೂರು ಸಲ ಮುಳುಗಿದೆಯಲ್ಲ. ಪುಕ್ಕಲಿಯಾಗಿದ್ದರೆ ಒಂದೇ ಸಲಕ್ಕೆ ಓಡುತ್ತಿದ್ದೆ" ಎಂದೆ. ಅವಳಪ್ಪನೂ "ಸಾರಿ ಪುಟ್ಟಿ" ಎಂದು ತಲೆ ಸವರಿದ.

ಉಗುಳಿನ ವಿಷಯ ಬಂದಾಗ ಮಾತ್ರ ನನ್ನವಳು ಮುಖ ಸಿಂಡರಿಸಿದಳು. "ಥೂ, ಮುಖಕ್ಕೆ ಹಾಕ್ಕೊಳ್ಳೋದಕ್ಕೆ ಎಂಜಲೇ? ನಿಮಗೆ ವಯಸ್ಸಾಯ್ತು, ಬುದ್ಧಿ ಬರ್ಲಿಲ್ಲ." ನಾನು ವಿಜ್ಞಾನ ವಿವರಿಸಿದೆ. ಅವಳಿಗೆ ಅದು ಒಪ್ಪಿಗೆಯಾಗಲಿಲ್ಲ. ಕೊನೆಗೆ ತಾನೇ ಒಂದು ದಾರಿ ಹುಡುಕಿಕೊಂಡಳು. "ಹೋಗ್ಲಿ, ಸಮುದ್ರದ ನೀರಲ್ಲಿ ತೊಳೀತೀರಲ್ಲ. ಸಮುದ್ರಕ್ಕೆ ಮೈಲಿಗೆ ಇಲ್ಲ" ಎಂದಳು.

ಮರುದಿನ ಬೆಳಿಗ್ಗೆ ದೋಣಿ ಹೊರಟಿತು. ದೋಣಿಯಲ್ಲಿ ಹೊಟ್ಟೆ ತೊಳೆಸುತ್ತದೆಂದು ಅಜ್ಜಿ ಮತ್ತು ಸೊಸೆ ದಡದಲ್ಲೇ ಉಳಿದರು. ರಕ್ತದೊತ್ತಡದ ಮಾತ್ರೆ ನುಂಗುವ ನನಗೆ ಸ್ಕೂಬಾ ಇಲ್ಲವೆಂದು ಮೊದಲೇ ಹೇಳಿದ್ದರು. ಆದರೂ ದೋಣಿಯಲ್ಲಿ ಕೂರಲು ಬಿಟ್ಟರು. ಒಂದೂವರೆ ಗಂಟೆಯ ಹಾದಿ. ನೇತ್ರಾಣಿ ಹತ್ತಿರವಾದಂತೆ ನೀರಿನ ಬಣ್ಣ ಹಸಿರಿನಿಂದ ನೀಲಿಗೆ ತಿರುಗಿತು. ಕಡಿದಾದ ಬಂಡೆಯ ಗುಡ್ಡ, ಅದರ ಮೇಲೆ ಹಕ್ಕಿಗಳು.

ಪುಟ್ಟಿ ಮಾಸ್ಕ್ ಕೈಗೆತ್ತಿಕೊಂಡಳು. ಸುತ್ತ ಅಷ್ಟು ಜನರ ಮುಂದೆ ಉಗುಳಲು ನಾಚಿಕೆ. ಅತ್ತ ತಿರುಗಿ ಮೆಲ್ಲಗೆ ಉಗುಳಿ, ಬೆರಳಿನಿಂದ ಮೂಲೆಮೂಲೆಗೂ ತಿಕ್ಕಿದಳು. ನೋಡಿದರೆ ದೋಣಿಯಲ್ಲಿದ್ದ ಎಲ್ಲರೂ ಅದನ್ನೇ ಮಾಡುತ್ತಿದ್ದರು! ಸ್ಲೇಟು ಒರೆಸುವ ಒಂದನೇ ಕ್ಲಾಸಿನಂತೆ ಕಂಡಿತು. ಹುಡುಗ ಅವಳಿಗೆ ಇನ್ನೂ ಕೆಲವು ಮಾತು ಹೇಳಿದ. ಮುಖಕ್ಕೆ ಮೊದಲು ಸಮುದ್ರದ ನೀರು ಎರಚಿಕೊಂಡು ತಂಪು ಮಾಡಿಕೊಳ್ಳಬೇಕು, ಬಿಸಿಲಿಗೆ ಕಾದು ಬೆವೆತ ಮುಖಕ್ಕೆ ಮಾಸ್ಕ್ ಹಾಕಿದರೆ ಒಳಗೆ ಆವಿ ಹೆಚ್ಚು. ಬಿಸಿಲಿನ ಕ್ರೀಮನ್ನು ಹಣೆಗೂ ಕಣ್ಣಿನ ಸುತ್ತಲೂ ಬಳಿದುಕೊಳ್ಳಬಾರದು, ಅದೂ ಎಣ್ಣೆಯೇ. ಮಾಸ್ಕನ್ನು ಹಣೆಯ ಮೇಲೆ ಏರಿಸಿಕೊಂಡು ಕೂರಬಾರದು, ಕೊರಳಿಗೆ ಇಳಿಸಿಕೊಳ್ಳಬೇಕು. ಉಸಿರಾಟ ಬಾಯಿಯಲ್ಲೇ. ಕೆಳಗೆ ಇಳಿಯುವಾಗ ಮಾತ್ರ ಮೂಗಿನಿಂದ ಒಂಚೂರು ಗಾಳಿ ಬಿಡಬೇಕು. ಹತ್ತು ಮೀಟರ್ ಇಳಿದರೆ ಒತ್ತಡ ದುಪ್ಪಟ್ಟಾಗುತ್ತದೆ, ಆಗ ಮಾಸ್ಕ್ ಮುಖವನ್ನು ಹೀರಿಕೊಳ್ಳಬಾರದಲ್ಲ. ಮೂಗು ಮುಚ್ಚದ ಈಜು ಕನ್ನಡಕ ಹಾಕಿಕೊಂಡು ಆಳಕ್ಕೆ ಇಳಿಯಬಾರದೆನ್ನುವುದು ಇದಕ್ಕೇ.

"ಅಷ್ಟಾದ್ರೂ ಮಬ್ಬಾದ್ರೆ?" ಎಂದು ಪುಟ್ಟಿ ಕೇಳಿದಳು. ಅದೇ ಸರಿಯಾದ ಪ್ರಶ್ನೆ.

"ಮಬ್ಬಾದ್ರೆ ಹೆದರೂದು ಬೇಡ. ಮಾಸ್ಕಿನ ಅಂಚು ಒಂಚೂರು ಎತ್ತಿ ಸ್ವಲ್ಪ ನೀರು ಒಳಗೆ ಬಿಡು. ತಲೆ ಬಗ್ಗಿಸಿ ಆ ನೀರಲ್ಲೇ ಗಾಜು ತೊಳಿ. ಆಮೇಲೆ ಮೇಲಿನ ಅಂಚು ಒತ್ತಿ ಹಿಡಿದು, ಮುಖ ಮೇಲೆ ಮಾಡಿ, ಮೂಗಿಂದ ಊದು. ನೀರು ಕೆಳಗಿಂದ ಹೊರಗೆ ಹೋಗ್ತದೆ. ಬಾಯಲ್ಲಿ ಗಾಳಿ ಇದ್ದೇ ಇರ್ತದಲ್ಲ, ಅವಸರ ಎಂಥದು?" ಎಂದ. ದೋಣಿಯ ಪಕ್ಕದಲ್ಲೇ ಅವಳಿಂದ ಮೂರು ಸಲ ಮಾಡಿಸಿದ ಮೇಲೆಯೇ ಕೈ ಹಿಡಿದು ಕೆಳಗೆ ಇಳಿಸಿದ. ಅವಳಪ್ಪ ಇನ್ನೊಬ್ಬ ತರಬೇತುದಾರನ ಜೊತೆ ಇಳಿದ.

ನೀರಿನ ಮೇಲೆ ಗುಳ್ಳೆಗಳಷ್ಟೇ ಉಳಿದವು. ನಾನು ಆ ಗುಳ್ಳೆಗಳನ್ನೇ ನೋಡುತ್ತಾ ಕೂತೆ. ಹಿಂದಿನ ದಿನ ಎರಡು ನಿಮಿಷಕ್ಕೆ ಎದ್ದಿದ್ದಳು. ಎರಡು ನಿಮಿಷ ಕಳೆಯಿತು. ಐದಾಯಿತು. ಗುಳ್ಳೆಗಳು ದೂರ ಸರಿದವು. ಮೂರು ಸಲ ತಿಕ್ಕಿದ್ದು ಸಾಕಾಯಿತೋ ಇಲ್ಲವೋ, ನಾಲ್ಕನೇ ಸಲವೂ ತಿಕ್ಕಬೇಕಿತ್ತೇನೋ ಎಂದು ಮನಸ್ಸು ಹೊಯ್ದಾಡಿತು.

ದೋಣಿಯವನು ನನ್ನ ಮುಖ ನೋಡಿಯೋ ಏನೋ, "ಅಜ್ಜಾ, ನೀವೂ ಒಂಚೂರು ನೋಡಿ" ಎಂದು ಲೈಫ್ ಜಾಕೆಟ್ ಕಟ್ಟಿ, ಒಂದು ಮಾಸ್ಕ್ ಕೊಟ್ಟು, ಏಣಿ ಹಿಡಿಸಿ ನೀರಿಗೆ ಇಳಿಸಿದ. ಅದಕ್ಕೂ ಮೊದಲು ಉಗುಳಬೇಕಲ್ಲ. ಬಾಯಿ ಒಣಗಿಹೋಗಿತ್ತು! ಮಾತ್ರೆಯದೋ, ಆತಂಕದ್ದೋ, ಎಷ್ಟು ಪ್ರಯತ್ನಿಸಿದರೂ ಒಂದು ಹನಿ ಬರಲಿಲ್ಲ. ಬಾಲ್ಯದಿಂದ ಬೇಡವೆಂದ ಕಡೆಯೆಲ್ಲ ಬರುತ್ತಿದ್ದ ಉಗುಳು ಬೇಕಾದಾಗ ಕೈಕೊಟ್ಟಿತು. ಅವನು ನಕ್ಕು ಪುಟ್ಟ ಬಾಟಲಿಯಿಂದ ಒಂದು ತೊಟ್ಟು ದ್ರವ ಹಾಕಿಕೊಟ್ಟ. ಎಳೆ ಮಕ್ಕಳ ಶಾಂಪೂಗೆ ನೀರು ಬೆರೆಸಿದ್ದು. ಕಣ್ಣು ಉರಿಯದಿರಲೆಂದು ಎಳೆ ಮಕ್ಕಳದ್ದು. ಹಲವರು ಬಳಸುವ ಬಾಡಿಗೆ ಮಾಸ್ಕಿಗೆ ಉಗುಳಿಗಿಂತ ಇದೇ ಒಳ್ಳೆಯದಂತೆ.

ಏಣಿ ಬಿಡದೆ ಮುಖವನ್ನು ನೀರಿಗಿಟ್ಟೆ. ಕೆಳಗೆ ಬಂಡೆ, ಬಂಡೆಯ ಮೇಲೆ ಹವಳ. ಹಳದಿ ಕಪ್ಪು ಪಟ್ಟೆಯ ಚಿಟ್ಟೆಮೀನುಗಳು ಜೋಡಿಯಾಗಿ ತಿರುಗುತ್ತಿದ್ದವು. ಬಿಸಿಲಿನ ಕೋಲುಗಳು ನೀರಿನಲ್ಲಿ ಓರೆಯಾಗಿ ಇಳಿದಿದ್ದವು. ಗಾಜು ಇದೆಯೋ ಇಲ್ಲವೋ ಎಂಬಷ್ಟು ತಿಳಿಯಾಗಿತ್ತು. ಎಪ್ಪತ್ತು ವರ್ಷ ಕಡಲನ್ನು ಮೇಲಿನಿಂದ ನೋಡಿ "ಕಡಲು ನೋಡಿದೆ" ಎಂದು ಹೇಳಿಕೊಂಡು ಬಂದಿದ್ದೆನಲ್ಲ ಎನಿಸಿತು. ಅರ್ಧ ನಿಮಿಷಕ್ಕೇ ಮೇಲೆದ್ದೆ. ನನಗೆ ಅಷ್ಟೇ ಸಾಕಾಗಿತ್ತು.

ಇಪ್ಪತ್ತು ನಿಮಿಷದ ಮೇಲೆ ಪುಟ್ಟಿಯ ತಲೆ ನೀರಿನಿಂದ ಹೊರಬಂತು. ಮಾಸ್ಕ್ ಕೊರಳಿಗಿಳಿಸಿದವಳೇ, "ಅಜ್ಜಾ! ಗಿಳಿಮೀನು ಹವಳ ಕಡಿಯೋದು ಕೇಳಿಸ್ತು! ಕಟಕಟ ಅಂತ!" ಎಂದು ಕೂಗಿದಳು. ಮಾತು ನಿಲ್ಲಲೇ ಇಲ್ಲ. ಅರ್ಧ ದಾರಿ ವಾಪಸು ಬಂದ ಮೇಲೆ, ಏನೋ ಸಣ್ಣ ವಿಷಯವೆಂಬಂತೆ ಹೇಳಿದಳು. "ಮಧ್ಯದಲ್ಲಿ ಎಡಗಡೆ ಮೂಲೆ ಸ್ವಲ್ಪ ಮಬ್ಬಾಯ್ತು ಅಜ್ಜ. ಮೀನು ನೋಡಿ ನಕ್ಕೆ, ಮೂಗಲ್ಲಿ ಉಸಿರು ಬಿಟ್ಟೆ ಅನ್ಸುತ್ತೆ. ನೀರು ಬಿಟ್ಕೊಂಡು ತೊಳ್ದೆ. ಹೋಯ್ತು."

ನಾನು ಏನೂ ಹೇಳಲಿಲ್ಲ. ಹಿಂದಿನ ದಿನ ಅವಳನ್ನು ಅಳಿಸಿದ್ದೂ ಇದೇ ಮಬ್ಬು. ಅದು ಎಲ್ಲಿಂದ ಬರುತ್ತದೆ, ಬಂದರೆ ಏನು ಮಾಡಬೇಕು ಎಂಬುದು ಈಗ ಅವಳಿಗೆ ಗೊತ್ತಿತ್ತು, ಅಷ್ಟೇ ವ್ಯತ್ಯಾಸ.

ಊರಿಗೆ ಬಂದ ಮೇಲೆ ಇದರ ಬಗ್ಗೆ ಓದುತ್ತಿದ್ದಾಗ ಇನ್ನೊಂದು ಸಂಗತಿ ಸಿಕ್ಕಿತು. ಅಜ್ಜಿಯರು ಗಮನವಿಟ್ಟು ಓದಬೇಕು. ದಕ್ಷಿಣ ಕೊರಿಯಾದ ಜೇಜು ದ್ವೀಪದಲ್ಲಿ ಹೇನ್ಯೊ ಎಂಬ ಮುಳುಗುಗಾರ ಹೆಂಗಸರಿದ್ದಾರೆ. ಸಿಲಿಂಡರ್ ಇಲ್ಲದೆ, ಒಂದೇ ಉಸಿರಿನಲ್ಲಿ ಮುಳುಗಿ ಸಮುದ್ರದ ತಳದಿಂದ ಚಿಪ್ಪುಜೀವಿಗಳನ್ನೂ ಕಡಲಕಳೆಯನ್ನೂ ತರುತ್ತಾರೆ. ಅವರಲ್ಲಿ ಅರವತ್ತು, ಎಪ್ಪತ್ತು ದಾಟಿದ ಅಜ್ಜಿಯರೇ ಬಹಳ. ಅವರ ಪರಂಪರೆಯನ್ನು ಯುನೆಸ್ಕೊ 2016ರಲ್ಲಿ ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದೆ. ಆ ಅಜ್ಜಿಯರು ಮಾಸ್ಕಿನ ಗಾಜಿಗೆ ಒಂದು ಸೊಪ್ಪನ್ನು ಜಜ್ಜಿ ತಿಕ್ಕುತ್ತಾರೆ. ಜಪಾನಿನ ಅಮಾ ಎಂಬ ಮುಳುಗುಗಾರ ಹೆಂಗಸರೂ ಅದನ್ನೇ ಬಳಸುತ್ತಾರೆ. ಯಾವ ಸೊಪ್ಪು ಗೊತ್ತೇ? ಗಣೇಶನ ಪತ್ರೆಪೂಜೆಗೆ ನಾವು ತರುವ ಮಾಚಿಪತ್ರೆಯ ಬಳಗದ ಗಿಡ. ನನ್ನವಳಿಗೆ ಓದಿ ಹೇಳಿದೆ. "ನೋಡಿದ್ರಾ? ಎಂಜಲಿಲ್ಲದೆ ಆಗುತ್ತೆ ಅಂತ ನನಗೆ ಗೊತ್ತಿತ್ತು" ಎಂದಳು. ಗೊತ್ತಿರಲಿಲ್ಲ. ಆದರೂ ನಾನು ತಲೆಯಾಡಿಸಿದೆ.

ಮಕ್ಕಳೇ, ನಿಮ್ಮ ಮನೆಯಲ್ಲೇ ಇದನ್ನು ಪರೀಕ್ಷೆ ಮಾಡಬಹುದು. ಬಚ್ಚಲುಮನೆಯ ಕನ್ನಡಿಯ ಅರ್ಧ ಭಾಗಕ್ಕೆ ಒಂದು ತೊಟ್ಟು ಶಾಂಪೂ ಹಚ್ಚಿ, ಮೆತ್ತನೆಯ ಬಟ್ಟೆಯಿಂದ ಬರಿಗಣ್ಣಿಗೆ ಕಾಣದಷ್ಟು ತೆಳ್ಳಗೆ ಒರೆಸಿ. ಆಮೇಲೆ ಬಿಸಿನೀರಿನ ಸ್ನಾನ ಮಾಡಿ ಬಂದು ನೋಡಿ. ಒಂದು ಅರ್ಧದಲ್ಲಿ ಮಬ್ಬು, ಇನ್ನೊಂದರಲ್ಲಿ ನಿಮ್ಮ ಮುಖ. ಅಜ್ಜನನ್ನೂ ಕರೆದು ತೋರಿಸಿ.

ಅಜ್ಜಂದಿರಿಗೆ ನನ್ನದೊಂದು ಮಾತಿದೆ. ಮಗು "ಕಾಣಲ್ಲ" ಎಂದರೆ ಮೊದಲು ಗಾಜು ನೋಡೋಣ. ಕರಿಹಲಗೆಯ ಅಕ್ಷರ ಕಾಣಲ್ಲ ಎಂದರೂ ಅಷ್ಟೇ, ಲೆಕ್ಕ ತಿಳಿಯಲ್ಲ ಎಂದರೂ ಅಷ್ಟೇ. ಸೋಮಾರಿ, ಪುಕ್ಕಲು ಎಂದು ಅದರ ಖಾತೆಗೆ ಬರೆಯುವುದು ಒಂದು ಕ್ಷಣದ ಕೆಲಸ. ಅಳಿಸಲು ಮೂರು ಸಲ ತಿಕ್ಕಬೇಕಾಗುತ್ತದೆ. ಕೆಲವು ಸಲ ಗುರುತು ನಮ್ಮದೇ ಬೆರಳಿನದಾಗಿರುತ್ತದೆ.

ಪುಟ್ಟಿ ಬೆಂಗಳೂರಿಗೆ ಹೊರಡುವ ಮುನ್ನ ಮಾಸ್ಕನ್ನು ಸಿಹಿನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ ಡಬ್ಬಿಗೆ ಹಾಕಿದಳು. ಡಬ್ಬಿಯ ಮೇಲೆ ಒಂದು ಚೀಟಿ ಅಂಟಿಸಿದ್ದಾಳೆ. ದುಂಡಗಿನ ಅಕ್ಷರದಲ್ಲಿ ಹೀಗೆ ಬರೆದಿದೆ: "ಒಳಗಿನ ಗಾಜು ಯಾರೂ ಮುಟ್ಟಬಾರದು. ಈ ನಿಯಮ ಅಜ್ಜನಿಗೂ ಅನ್ವಯಿಸುತ್ತದೆ." ಕೆಳಗೆ ಎಡಮೂಲೆಯಲ್ಲಿ ಜಾಗ ಬಿಟ್ಟು, ಶಾಯಿ ಪ್ಯಾಡ್ ತಂದು ನನ್ನ ಮುಂದಿಟ್ಟಳು. ನಾನು ಹೆಬ್ಬೆಟ್ಟು ಒತ್ತಿದೆ.